ಇಂಜಿನ್ನಿಗೆ ಹಿಡಿದ ಮಸಿ

ಡ್ರೈವರಿಗೆ ಎಪ್ಪತ್ತು ತುಂಬಿದ ದಿನ ಮಗ ಹಳೆ ಸಾಮಾನಿನ ಅಂಗಡಿಯಿಂದ ಒಂದು ಹಬೆ ಇಂಜಿನ್ ತಂದುಕೊಟ್ಟ. ಆಟಿಕೆಯಲ್ಲ, ಮಾದರಿ. ಹಿಂದಿನ ಕಲ್ಲಿದ್ದಲಿನ ಗಾಡಿಯೂ ಸೇರಿ ಒಂದು ಮೊಳ ಉದ್ದ, ಮೈಯೆಲ್ಲ ಲೋಹ. ಚಕ್ರ ಉರುಳಿಸಿದರೆ ಪಕ್ಕದ ಸರಳುಗಳೂ ಜೊತೆಗೆ ಆಡುತ್ತಿದ್ದವು. ಮಗ ಔಷಧಿ ಅಂಗಡಿಯಲ್ಲಿ ಕೆಲಸಕ್ಕಿದ್ದವನು. ಎಂದೂ ಯಾರಿಗೂ ಇಂಥ ಉಡುಗೊರೆ ತಂದವನಲ್ಲ.

ಡ್ರೈವರು ಅದನ್ನು ಮೂರು ಸಲ ತಿರುಗಿಸಿ ನೋಡಿದರು. ಹೊಟ್ಟೆಯ ಕೆಳಗೂ ಇಣುಕಿದರು.

"ಚೆನ್ನಾಗಿದೆ. ಆದ್ರೆ ಇದು ನನ್ನದಲ್ಲ."

"ನಿಮಗೇ ತಂದಿದ್ದು ಅಪ್ಪ."

"ಅದಲ್ಲ ಕಣೋ. ಇದು ಕಪ್ಪು. ಮೇಲೆ ಯಾವುದೋ ಕಂಪನಿಯ ಅಕ್ಷರ. ನಾನು ಓಡಿಸಿದ್ದು ಹಸಿರು ಇಂಜಿನ್ನು, ಅಂಚಿಗೆ ಹಳದಿ ಗೆರೆ."

"ದಾನಕ್ಕೆ ಬಂದ ಎಮ್ಮೆಯ ಹಲ್ಲು ಎಣಿಸಬೇಡಿ," ಎಂದರು ತಾಯಿ ಅಡುಗೆಮನೆಯಿಂದ.

"ಬಣ್ಣ ತಾನೆ, ಬದಲಾಯಿಸಿದ್ರಾಯ್ತು," ಎಂದ ಮಗ. "ಮನೇಲೇ ಬಣ್ಣದವಳು ಇದಾಳಲ್ಲ."

ಬಣ್ಣದವಳು ಅಲ್ಲೇ ಕಿಟಕಿಯ ಹತ್ತಿರ ಕೂತು ಆಲೂಗಡ್ಡೆ ಸಿಪ್ಪೆ ತೆಗೆಯುತ್ತಿದ್ದಳು. ತಲೆ ಎತ್ತಲಿಲ್ಲ.

ಅವಳು ಆ ಮನೆಯ ಹಿರಿಯ ಮಗಳು. ವಯಸ್ಸು ಮೂವತ್ತಮೂರು. ಒಂದೂವರೆ ವರ್ಷದ ಹಿಂದೆ ಒಂದು ಚೀಲ ಹಿಡಿದುಕೊಂಡು ಗಂಡನ ಮನೆಯಿಂದ ಬಂದವಳು ಮತ್ತೆ ಹೋಗಿರಲಿಲ್ಲ. ಬಂದ ದಿನ ಡ್ರೈವರು ಬಾಗಿಲಲ್ಲೇ ನಿಂತು ಒಂದು ಮಾತು ಅಂದಿದ್ದರು: "ಡ್ಯೂಟಿ ಮುಗಿಯೋ ಮುಂಚೆ ಇಂಜಿನ್ ಬಿಟ್ಟು ಇಳಿಯೋನು ಡ್ರೈವರೇ ಅಲ್ಲ." ಅವಳು ಚೀಲವನ್ನು ಒಳಗಿಟ್ಟಳು, ಮುಖ ತೊಳೆದಳು. ಅಂದಿನಿಂದ ಅಪ್ಪನ ಜೊತೆ ಮಾತು ಬಿಟ್ಟಳು. ಏನಾಯಿತೆಂದು ತಾಯಿಗೆ ಮಾತ್ರ ಹೇಳಿದ್ದಳು. ಜೊತೆಗೆ, "ಅವರು ಕೇಳದೇ ನೀನಾಗಿ ಹೇಳಬೇಡ," ಎಂದು ಮಾತು ತೆಗೆದುಕೊಂಡಿದ್ದಳು. ಅವರು ಕೇಳಲಿಲ್ಲ.

ಆಮೇಲೆ ಕಾರುಗಳಿಗೆ ಬಣ್ಣ ಹೊಡೆಯುವ ಗ್ಯಾರೇಜೊಂದರಲ್ಲಿ ಬಿಲ್ಲು ಬರೆಯಲು ಸೇರಿದಳು. ಮೂರೇ ತಿಂಗಳಲ್ಲಿ ಅಲ್ಲಿನ ಮೇಸ್ತ್ರಿ ಅವಳನ್ನು ಬಣ್ಣ ಕಲಸಲು ಹಾಕಿದ. ಹತ್ತು ವರ್ಷ ಬಿಸಿಲು ಕುಡಿದ ಕಾರಿನ ಬಣ್ಣಕ್ಕೆ ಹೊಸ ಬಾಗಿಲ ಬಣ್ಣ ಹೊಂದಿಸುವುದೆಂದರೆ ಹುಡುಗಾಟವಲ್ಲ. ಅವಳ ಕಣ್ಣು ಯಂತ್ರಕ್ಕಿಂತ ನಿಖರವಾಗಿತ್ತು. ಗ್ಯಾರೇಜಿನವರು ಅವಳನ್ನು ಬಣ್ಣದಕ್ಕ ಎಂದು ಕರೆಯುತ್ತಿದ್ದರು. ಡ್ರೈವರಿಗೆ ಅದೂ ಹಿಡಿಸಲಿಲ್ಲ.

ಮನೆಯಲ್ಲಿ ಅಪ್ಪ ಮಗಳ ನಡುವಿನ ಮಾತೆಲ್ಲ ತಾಯಿಯ ಮೂಲಕ ಓಡಾಡುತ್ತಿತ್ತು.

"ನಿನ್ನ ಮಗಳಿಗೆ ಹೇಳು, ಗೇಟು ಹಾಕ್ಕೊಂಡು ಬರೋದು ಮರೀತಾಳೆ."

"ಕೇಳಿಸ್ತೇನೇ?"

"ಕೇಳಿಸ್ತು ಅಂತ ಹೇಳಮ್ಮ."

"ಕೇಳಿಸ್ತಂತೆ."

ನಾಲ್ಕು ಅಡಿ ಅಗಲದ ಮೇಜು. ಈ ತುದಿಗೆ ಒಬ್ಬರು, ಆ ತುದಿಗೆ ಒಬ್ಬರು.

ಇಂಜಿನ್ ಮಾತ್ರ ಆ ಮೇಜಿನ ಮೇಲೆ ಮೂರು ದಿನ ಕಪ್ಪಾಗಿಯೇ ಕೂತಿತ್ತು. ನಾಲ್ಕನೆಯ ದಿನ ಡ್ರೈವರು ಮೊಟ್ಟೆಯ ಸಿಪ್ಪೆ ಸುಲಿಯುತ್ತ, "ನಿನ್ನ ಮಗಳನ್ನ ಕೇಳು, ಆಗುತ್ತೋ ಇಲ್ವೋ ಅಂತ," ಎಂದರು.

ಮಗಳು ತಟ್ಟೆ ಸರಿಸಿ ಇಂಜಿನ್ನನ್ನು ಎತ್ತಿಕೊಂಡಳು. ಉಗುರಿನಿಂದ ಒಂದು ಮೂಲೆಯ ಬಣ್ಣ ಕೆರೆದಳು.

"ಆಗುತ್ತೆ ಅಂತ ಹೇಳಮ್ಮ. ಆದ್ರೆ ಮೊದಲು ಪೂರ್ತಿ ಬಿಚ್ಚಬೇಕು. ಹಳೇ ಬಣ್ಣದ ಮೇಲೆ ಹೊಸ ಬಣ್ಣ ಹೊಡೆದ್ರೆ ಮೊಳೆಗಳೆಲ್ಲ ಮುಚ್ಚಿಹೋಗುತ್ತೆ."

ಡ್ರೈವರ ಮುಖದಲ್ಲಿ ಒಂದು ಬಗೆಯ ಮೆಚ್ಚುಗೆ ಬಂದು ಹೋಯಿತು. ಆ ಮೈಮೇಲೆ ಸಾಸಿವೆಯಂಥ ಮೊಳೆತಲೆಗಳು ಸಾಲುಸಾಲಾಗಿದ್ದವು. ಇವಳು ಮೊದಲು ಕಂಡದ್ದು ಅದನ್ನೇ.

ಮೊದಲ ವಾರ ಬಿಚ್ಚುವುದರಲ್ಲೇ ಕಳೆಯಿತು. ಸ್ಕ್ರೂಗಳು ಔಷಧಿ ಬಾಟಲಿಯ ಮುಚ್ಚಳಗಳಿಗೆ ಹೋದವು. ಒಂದೊಂದು ಮುಚ್ಚಳಕ್ಕೂ ಡ್ರೈವರು ಚೀಟಿ ಬರೆದರು. ಮೈಯ ಭಾಗಗಳನ್ನು ಮಗಳು ಹಿತ್ತಲ ಕಟ್ಟೆಯ ಮೇಲೆ ಥಿನ್ನರಿನಲ್ಲಿ ನೆನೆಹಾಕಿ ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ತಿಕ್ಕಿದಳು. ಕಪ್ಪು ಕರಗಿ ತಗಡು ಹೊರಬಂತು. ವಾಸನೆಗೆ ಮಗ ಮೂಗು ಮುಚ್ಚಿಕೊಂಡು ಓಡಾಡಿದ.

"ಊಟದ ಮೇಜು ನಮಗೆ ಯಾವಾಗ ಸಿಗುತ್ತೆ?"

"ತಂದೋನು ನೀನೇ," ಎಂದರು ತಾಯಿ. "ತೊಡೆ ಮೇಲೆ ತಟ್ಟೆ ಇಟ್ಕೊಂಡು ಉಣ್ಣು."

ಎರಡನೆಯ ವಾರ ಹಸಿರಿನ ಜಗಳ. ಮಗಳು ಗ್ಯಾರೇಜಿನಿಂದ ಏಳು ತಗಡಿನ ಚೂರುಗಳಿಗೆ ಏಳು ಹಸಿರು ಹಚ್ಚಿ ತಂದಳು. ಡ್ರೈವರು ಏಳನ್ನೂ ಬಿಸಿಲಿಗೆ ಹಿಡಿದು ನೋಡಿ ಏಳನ್ನೂ ಪಕ್ಕಕ್ಕಿಟ್ಟರು.

"ಯಾವುದೂ ಅಲ್ಲ ಅಂತ ಹೇಳು."

"ಹಾಗಾದ್ರೆ ಯಾವುದು ಅಂತ ಕೇಳಮ್ಮ. ಎಳೇ ಹಸಿರಾ, ಬಾಟಲಿ ಹಸಿರಾ?"

"ಎರಡೂ ಅಲ್ಲ ಅಂತ ಹೇಳು."

"ಅಲ್ಲ ಅಲ್ಲ ಅಂದ್ರೆ ನಾನೇನು ಅವರ ತಲೆಯೊಳಗೆ ಹೊಕ್ಕು ನೋಡ್ಲಾ ಅಂತ ಕೇಳಮ್ಮ!"

ತಾಯಿ ಸೌಟನ್ನು ಪಾತ್ರೆಯೊಳಗೆ ಬಿಟ್ಟರು. "ನಾನೇನು ಟಪಾಲು ಡಬ್ಬಾನಾ? ಇವರು ಹಾಕೋದು, ಅವಳು ತೆಗೆಯೋದು? ನನಗೂ ಕಾಲು ನೋಯುತ್ತೆ, ಬಾಯೂ ನೋಯುತ್ತೆ." ಚಪ್ಪಲಿ ಮೆಟ್ಟಿಕೊಂಡು ತರಕಾರಿ ತರುತ್ತೇನೆಂದು ಹೊರಟೇಬಿಟ್ಟರು. ತರಕಾರಿ ಬೆಳಿಗ್ಗೆಯೇ ತಂದಾಗಿತ್ತು.

ಮನೆಯಲ್ಲಿ ಇಬ್ಬರೇ ಉಳಿದರು. ಡ್ರೈವರು ಇಂಜಿನ್ನಿನ ಕಡೆ ನೋಡುತ್ತ, "ಹಳೇ ಸ್ಕೂಲಿನ ಬೋರ್ಡಿರುತ್ತಲ್ಲ, ಇಂಜಿನ್ನೇ," ಎಂದರು. "ಒದ್ದೆ ಬಟ್ಟೆಯಲ್ಲಿ ಒರೆಸ್ತಾರೆ. ಒರೆಸಿದ ತಕ್ಷಣ, ಆರೋಕೆ ಮುಂಚೆ ಒಂದು ಹಸಿರು ಕಾಣುತ್ತೆ. ಅದು."

ಮಗಳು ಬಾಯಿಗೆ ಕೈ ಅಡ್ಡ ಹಿಡಿದಳು. ನಗು ತಡೆಯುವುದು ಕಷ್ಟವಾಗಿತ್ತು.

"ಗೊತ್ತಾಯ್ತು, ಇಂಜಿನ್ನೇ," ಎಂದಳು. "ಐದನೇ ಚೂರಿಗೆ ಸ್ವಲ್ಪ ಕಪ್ಪು, ಒಂದು ಹನಿ ನೀಲಿ."

ಮರುದಿನ ತಂದ ಚೂರನ್ನು ಡ್ರೈವರು ಜೇಬಿಗೆ ಹಾಕಿಕೊಂಡರು. ಮತ್ತೆ ತೆಗೆದು ನೋಡಿ, ಮತ್ತೆ ಹಾಕಿಕೊಂಡರು.

ಆಮೇಲೆ ಸಂಜೆಗಳು ಹಾಗೆಯೇ ನಡೆದವು. ತಾಯಿ ಬೇಕೆಂದೇ ಹೊರಗೆ ಹೋಗುವರು. ಅಪ್ಪ ಮಗಳು ಇಂಜಿನ್ನಿನ ಜೊತೆ ಮಾತಾಡುವರು. ಕೈ ಹಿಡಿಯೋ ಕಂಬಿ ಒಂದು ನೂಲಿನಷ್ಟು ಕೆಳಗಿರಬೇಕಿತ್ತು ಇಂಜಿನ್ನೇ. ಇಳಿಸೋಣ ಇಂಜಿನ್ನೇ. ಮುಂದಿನ ದೀಪದ ಕೊಕ್ಕೆಯನ್ನು ಸ್ಟೇಪ್ಲರ್ ಪಿನ್ನು ಬಗ್ಗಿಸಿ ಮಾಡಿದರು. ನಿಜವಾದ ಕಲ್ಲಿದ್ದಲಿನ ಒಂದು ಹೆಂಟೆಯನ್ನು ಡ್ರೈವರು ಎಲ್ಲಿಂದಲೋ ಹುಡುಕಿ ತಂದು, ಕುಟ್ಟಿ, ಜರಡಿ ಹಿಡಿದು, ಹಿಂದಿನ ಗಾಡಿಗೆ ಗೋಂದಿನಲ್ಲಿ ಅಂಟಿಸಿದರು. ಜರಡಿ ಹಿಟ್ಟಿನದು, ಅದಕ್ಕೊಂದು ಬೇರೆ ಜಗಳವಾಯಿತು.

ಈ ನಡುವೆ ಒಂದು ಫೋನು ಬಂತು. ಅಳಿಯನ ಸೋದರಮಾವ, ವಕೀಲರೊಬ್ಬರ ಗುಮಾಸ್ತ. ಡ್ರೈವರು ಫೋನಿನಲ್ಲಿ, "ಆಗಲಿ, ಬನ್ನಿ. ಕೂತು ಮಾತಾಡೋಣ. ಎಷ್ಟು ದಿನ ಅಂತ ಹೀಗೆ," ಎಂದದ್ದು ಬಟ್ಟೆ ಮಡಚುತ್ತಿದ್ದ ಮಗಳ ಕಿವಿಗೆ ಬಿತ್ತು.

ಅವಳು ಅಡುಗೆಮನೆಗೆ ಹೋಗಿ ತಾಯಿಯ ಪಕ್ಕ ನಿಂತಳು.

"ನನ್ನನ್ನ ವಾಪಸ್ಸು ಕಳಿಸ್ತಾರಾ?"

"ಮಾತಾಡೋಕೆ ಬರ್ತಿರೋದು."

"ಕಳಿಸಿದ್ರೆ ನಾನು ಹೋಗಲ್ಲ. ಇಲ್ಲೂ ಇರಲ್ಲ. ಗ್ಯಾರೇಜಿನ ಹಿಂದೆ ಒಂದು ಕೋಣೆ ಖಾಲಿ ಇದೆ."

ಆ ದಿನದ ಪಲ್ಯಕ್ಕೆ ಎರಡು ಸಲ ಉಪ್ಪು ಬಿತ್ತು.

ಮಗಳು ಬಣ್ಣದ ಕೆಲಸ ಮಾತ್ರ ಬಿಡಲಿಲ್ಲ. ಹಸಿರನ್ನು ಗ್ಯಾರೇಜಿನ ಸಣ್ಣ ಸ್ಪ್ರೇ ಗನ್ನಿನಲ್ಲಿ ಹೊಡೆದು ತಂದಳು. ಹಳದಿ ಗೆರೆಗಳನ್ನು ಎರಡೇ ಕೂದಲಿನ ಬ್ರಷ್ಷಿನಲ್ಲಿ, ಉಸಿರು ಬಿಗಿಹಿಡಿದು, ಭಾನುವಾರದ ಬೆಳಕಿನಲ್ಲಿ ಎಳೆದಳು. ನಂಬರು ಯಾವುದೆಂದು ಮಗ ಕೇಳಿದಾಗ ಡ್ರೈವರು ಸ್ವಲ್ಪ ತಡೆದು, "ನಾನೂರ ಹದಿನೇಳು," ಎಂದರು. ಅದೂ ಬಂತು, ಹಿತ್ತಾಳೆಯ ಬಣ್ಣದಲ್ಲಿ.

ನಾಲ್ಕನೆಯ ವಾರದ ಕೊನೆಗೆ ಇಂಜಿನ್ ಸಿದ್ಧವಾಯಿತು. ಮೇಲೆ ಎರಡು ಕೋಟು ವಾರ್ನಿಶ್. ಕಿಟಕಿಯ ಬೆಳಕೆಲ್ಲ ಅದರ ಹೊಟ್ಟೆಯ ಮೇಲೆ ಕೂತಿತ್ತು. ಮಗ ನಾಲ್ಕು ಕಡೆಯಿಂದ ಫೋಟೋ ತೆಗೆದ. ಡ್ರೈವರು ಕನ್ನಡಕ ಒರೆಸಿ ಒರೆಸಿ ನೋಡಿದರು. ತಾಯಿ ಕೈ ಒರೆಸಿಕೊಳ್ಳುತ್ತ ಬಂದು ನಿಂತರು.

"ಇದೇನ್ರೀ, ಮದುವೆ ಹೆಣ್ಣಿನ ಹಾಗೆ ಹೊಳೀತಿದೆ?"

"ಮತ್ತೆ? ಹೊಳೀಬೇಕು," ಎಂದ ಮಗ.

"ನಿಮ್ಮಪ್ಪನ ಇಂಜಿನ್ನು ಹೀಗಿರಲಿಲ್ಲ."

"ನೀನು ಯಾವತ್ತು ಹತ್ತಿರ ಬಂದು ನೋಡಿದ್ದೆ?" ಎಂದರು ಡ್ರೈವರು.

"ನಾನ್ಯಾಕೆ ಬರಬೇಕು? ಅದೇ ದಿನಾ ಮನೆಗೆ ಬರ್ತಿತ್ತಲ್ಲ, ನಿಮ್ಮ ಬಟ್ಟೇಲಿ!" ತಾಯಿಯ ದನಿ ಏರಿತು. "ಮೂವತ್ತೊಂದು ವರ್ಷ ಒಗೆದಿದೀನಿ. ಎಡತೋಳು ಭುಜದ ತನಕ ಕಪ್ಪು, ಎಡಗಡೆ ಕಿಟಕಿಯಿಂದ ಬಾಗಿ ನೋಡ್ತಿದ್ರಲ್ಲ, ಅದಕ್ಕೆ. ಮೊಣಕಾಲಿಗೆ ಎಣ್ಣೆ. ಬೆನ್ನಿಗೆ ಉಪ್ಪುನೀರು ಒಣಗಿದ ಬಿಳೀ ಕಲೆ. ನಿಮ್ಮ ಅಂಗಿ ನೋಡಿ ಇಂಜಿನ್ನು ಎಲ್ಲಿ ಸೋರ್ತಿದೆ ಅಂತ ಹೇಳೋ ಹಾಗಿದ್ದೆ ನಾನು. ಸೋಪು ಸವೀತು, ಬೆರಳೂ ಸವೀತು. ಈಗ ಈ ಹೊಳಪು ತಂದು ತೋರಿಸ್ತೀರಾ?"

ತಾಯಿಯ ಕಣ್ಣು ಹಿತ್ತಾಳೆಯ ನಂಬರಿನ ಮೇಲೆ ಬಿತ್ತು.

"ಇದೇ ನಂಬರು ಬೇಕಿತ್ತಾ ನಿಮಗೆ?"

"ಬಿಡು ಆ ಮಾತು."

"ಮೂವತ್ತೊಂದು ವರ್ಷದಲ್ಲಿ ಒಂದೇ ಒಂದು ದಿನ ನಿಮ್ಮ ಅಂಗಿ ಬೆಳ್ಳಗೆ ಬಂತು. ಮಧ್ಯಾಹ್ನ ಹನ್ನೆರಡಕ್ಕೆ."

"ಬಿಡು ಅಂದ್ನಲ್ಲ."

"ಯಾವತ್ತು ಅಮ್ಮ?" ಎಂದಳು ಮಗಳು.

ತಾಯಿ ಕುರ್ಚಿ ಎಳೆದುಕೊಂಡು ಕೂತರು. "ನಿನಗಾಗ ಎರಡು ವರ್ಷ. ಈ ನಾನೂರ ಹದಿನೇಳರ ಬಾಯ್ಲರ್ ಸೋರ್ತಿತ್ತು. ಮೂರು ಸಲ ರಿಪೇರಿ ಬುಕ್ಕಲ್ಲಿ ಬರೆದ್ರು ಇವರು. ಶೆಡ್ಡಿನೋರು ಏನೂ ಮಾಡದೇ ಮತ್ತೆ ಕಳಿಸಿದ್ರು. ಅವತ್ತು ಮೊದಲ ಸ್ಟೇಷನ್ ತಲುಪೋ ಹೊತ್ತಿಗೇ ನೀರು ತಳ ಕಂಡಿತ್ತಂತೆ. ನೀರಿಲ್ಲದ ಬಾಯ್ಲರ್ ಕೆಳಗೆ ಬೆಂಕಿ ಇದ್ರೆ ಏನಾಗುತ್ತೆ ಅಂತ ಗೊತ್ತಲ್ಲ? ಹಿಂದೆ ಗಾಡಿ ತುಂಬ ಜನ. ಇವರು ಬೆಂಕಿ ಕೆಡವಿ, ಕೆಳಗಿಳಿದು, ನಾನು ಮುಂದಕ್ಕೆ ಹೋಗಲ್ಲ ಅಂದ್ರು. ಐದು ಗಂಟೆ ಗಾಡಿ ನಿಂತಿತ್ತು. ಮೂರು ತಿಂಗಳು ಮನೇಲಿ ಕೂರಿಸಿದ್ರು ಇವರನ್ನ. ಹೆದರುಪುಕ್ಕ ಅಂತ ಹೆಸರಿಟ್ರು. ನಾನು ಹೊಲಿಗೆ ಹಾಕಿ ಒಲೆ ಹಚ್ಚಿದೆ. ಕೊನೆಗೆ ಬಾಯ್ಲರ್ ಬಿಚ್ಚಿ ನೋಡಿ, ಇವರು ಹೇಳಿದ್ದೇ ಸರಿ ಅಂತ ಗೊತ್ತಾದ ಮೇಲೆ ಸುಮ್ಮನೆ ವಾಪಸ್ಸು ಕರೆದ್ರು. ಒಂದು ಒಳ್ಳೇ ಮಾತೂ ಆಡ್ಲಿಲ್ಲ."

ಅವರು ಗಂಡನ ಕಡೆ ತಿರುಗಿದರು.

"ಡ್ಯೂಟಿ ಮುಗಿಯೋ ಮುಂಚೆ ಇಳಿಯೋನು ಡ್ರೈವರೇ ಅಲ್ಲ. ಅದು ನಿಮ್ಮ ಸಾಹೇಬ ನಿಮಗೆ ಅಂದ ಮಾತು. ರಾತ್ರಿಯೆಲ್ಲ ಅತ್ರಿ ನೀವು. ಅದನ್ನೇ ಹುಡುಕಿ ತೆಗೆದು ಈ ಮಗೂಗೆ ಅಂದ್ರಿ."

ಡ್ರೈವರು ಎದ್ದು ಹೊರಗೆ ಹೋದರು. ಊಟಕ್ಕೆ ಬಂದಾಗ ಅನ್ನ ತಣ್ಣಗಾಗಿತ್ತು; ತಣ್ಣಗಿದ್ದದ್ದನ್ನೇ ಉಂಡರು.

ಆಮೇಲಿನ ಒಂದು ವಾರ ಮನೆಯಲ್ಲಿ ಇಂಜಿನ್ನಿನ ಜೊತೆಗೂ ಯಾರೂ ಮಾತಾಡಲಿಲ್ಲ. ಮಗಳು ಬೇಗ ಹೋಗಿ ತಡವಾಗಿ ಬರತೊಡಗಿದಳು. ಒಂದು ದಿನ ಗ್ಯಾರೇಜಿನ ಹಿಂದಿನ ಕೋಣೆಯ ಕೀಲಿಕೈಯನ್ನು ತಂದು ತಾಯಿಗೆ ತೋರಿಸಿದಳು. ಡ್ರೈವರು ದಿನಾ ಬೆಳಿಗ್ಗೆ ಪೇಪರು ಹಿಡಿದು ಕೂರುವರು, ಪುಟ ಮಗುಚುತ್ತಿರಲಿಲ್ಲ.

ಭಾನುವಾರ ಹತ್ತು ಗಂಟೆಗೆ ಗುಮಾಸ್ತ ಬಂದ. ಇಸ್ತ್ರಿ ಗೆರೆ ಮುರಿಯದ ಅಂಗಿ, ಕೈಯಲ್ಲಿ ಹಣ್ಣಿನ ಪೊಟ್ಟಣ. ತಾಯಿ ಚಹಾ ಇಟ್ಟರು. ಮಗ ಗೋಡೆಗೊರಗಿ ನಿಂತ. ಮಗಳು ಅಡುಗೆಮನೆಯ ಬಾಗಿಲ ಹತ್ತಿರ ಇದ್ದಳು.

"ಏನು ಬೀಗರೇ, ಈ ವಯಸ್ಸಲ್ಲಿ ಆಟದ ಗಾಡಿ?" ಎಂದ ಗುಮಾಸ್ತ ಮೇಜಿನ ಕಡೆ ನೋಡಿ.

"ಕೂತ್ಕೊಳ್ಳಿ," ಎಂದರು ಡ್ರೈವರು.

ಗುಮಾಸ್ತ ಚಹಾ ಊದಿದ. "ನೋಡಿ, ಗಂಡ ಹೆಂಡಿರ ಜಗಳ ಉಂಡು ಮಲಗೋ ತನಕ ಅಂತಾರೆ. ಇವರದ್ದು ಒಂದೂವರೆ ವರ್ಷ ಆಯ್ತು. ಹುಡುಗ ಒಳ್ಳೆಯವನು. ಕುಡಿಯಲ್ಲ, ಕೈ ಎತ್ತಲ್ಲ. ಅವನು ಕ್ಷಮಿಸೋಕೆ ತಯಾರಿದಾನೆ. ಇವಳು ನೋಡಿದ್ರೆ ಗಂಡಸರ ಮಧ್ಯೆ ಗ್ಯಾರೇಜಲ್ಲಿ ಬಣ್ಣ ಬಳೀತಿದಾಳೆ. ಎರಡೂ ಮನೆಯ ಮುಖಕ್ಕೆ ಮಸಿ ಹತ್ತಿದೆ, ಬೀಗರೇ. ತೊಳೆದುಬಿಡೋಣ."

ಡ್ರೈವರು ತಮ್ಮ ಲೋಟ ಕೆಳಗಿಟ್ಟರು. ಆಮೇಲೆ ಬಾಗಿಲ ಕಡೆ ತಿರುಗಿದರು.

"ಬಾರಮ್ಮ ಇಲ್ಲಿ. ಕೂತ್ಕೋ."

ಮಗಳು ಬಂದಳು. ಕೂರಲಿಲ್ಲ.

"ನಾನು ಇದನ್ನ ನೀನು ಬಂದ ದಿನಾನೇ ಕೇಳಬೇಕಿತ್ತು," ಎಂದರು ಡ್ರೈವರು. "ಕೇಳ್ಲಿಲ್ಲ. ಈಗ ಇವರ ಎದುರಿಗೇ ಕೇಳ್ತೀನಿ. ಯಾಕೆ ಇಳಿದೆ?"

ಅವಳು ತಾಯಿಯನ್ನು ನೋಡಿದಳು. ತಾಯಿ ತಲೆಯಾಡಿಸಿದರು.

"ಕೆಲಸಕ್ಕೆ ಹೋಗುವಾಗ ಹೊರಗಿಂದ ಬೀಗ ಹಾಕ್ಕೊಂಡು ಹೋಗ್ತಿದ್ರು," ಎಂದಳು ಮಗಳು. ದನಿ ಅಲುಗಲಿಲ್ಲ. "ಮೊದಲು ಒಂದೊಂದು ದಿನ. ಆಮೇಲೆ ದಿನಾ. ಒಂಬತ್ತು ತಿಂಗಳು. ಫೋನೂ ಅವರ ಹತ್ರಾನೇ. ಒಂದಿನ ಮಧ್ಯಾಹ್ನ ಸ್ವಿಚ್ ಬೋರ್ಡಿಂದ ಹೊಗೆ ಬಂದು ಪರದೆಗೆ ಬೆಂಕಿ ಹತ್ತಿತು. ನಾನು ಕಿಟಕಿ ಸರಳು ಹಿಡ್ಕೊಂಡು ಕೂಗಿದೆ. ಎದುರುಮನೆ ಬಡಗಿ ಬಂದು ಬಾಗಿಲು ಒಡೆದ. ಸಂಜೆ ಅವರು ಬಂದು ಮೊದಲು ಕೇಳಿದ್ದು, ಬಾಗಿಲು ಒಡೆದೋನು ಯಾರು ಅಂತ. ಮರುದಿನ ಹೊಸ ಬೀಗ ತಂದ್ರು. ಅದನ್ನ ಹಾಕೋಕೆ ಮುಂಚೆ, ಅವರು ಸ್ನಾನಕ್ಕೆ ಹೋದಾಗ, ನಾನು ಬಂದುಬಿಟ್ಟೆ. ಅಷ್ಟೇ ಅಪ್ಪ."

ಒಂದೂವರೆ ವರ್ಷದ ಮೇಲೆ ಆ ಮನೆಯಲ್ಲಿ ಅವಳ ಬಾಯಿಂದ ಆ ಪದ ಬಂದಿತ್ತು. ಮಗ ಗೋಡೆಯಿಂದ ಬೆನ್ನು ತೆಗೆದು ನೆಟ್ಟಗೆ ನಿಂತ.

ಗುಮಾಸ್ತ ಗಂಟಲು ಸರಿಮಾಡಿಕೊಂಡ. "ಬೀಗ ಅಂದ್ರೆ... ಕಾಲ ಕೆಟ್ಟಿದೆ ನೋಡಿ. ಜೋಪಾನ ಅಂತ ಹಾಕಿರ್ತಾನೆ."

"ಹೆಸರಿಗೆ ತಕ್ಕ ಬೀಗರು," ಎಂದರು ತಾಯಿ.

ಡ್ರೈವರು ಎದ್ದು ನಿಂತರು. ಕೂಗಾಡಲಿಲ್ಲ. ಗಾಡಿ ಹೊರಡುವ ವೇಳೆ ಹೇಳುವವರ ಹಾಗೆ ಹೇಳಿದರು:

"ಅವಳು ಬರಲ್ಲ. ನಿಮ್ಮ ಹುಡುಗನಿಗೆ ಹೇಳಿ, ಕಾಗದ ಪತ್ರ ಏನಿದ್ರೂ ಇಲ್ಲಿಗೆ ಕಳಿಸಲಿ, ಅವಳು ಓದಿ ಸಹಿ ಹಾಕ್ತಾಳೆ. ಇನ್ನು ಮಸಿ ಅಂದ್ರಲ್ಲ. ಮೂವತ್ತೊಂದು ವರ್ಷ ಅದನ್ನ ಮೈಗೆ ಹಚ್ಕೊಂಡೇ ಈ ಮನೆಗೆ ಅನ್ನ ತಂದಿದೀನಿ. ಮಸಿಗೆ ಹೆದರೋ ಮನೆ ಅಲ್ಲ ಇದು."

"ಯೋಚನೆ ಮಾಡಿ ಬೀಗರೇ, ನಾಲ್ಕು ಜನ..."

"ನಾಲ್ಕು ಜನ ಇಲ್ಲೇ ಇದೀವಿ. ಯೋಚನೆ ಆಯ್ತು."

ಗುಮಾಸ್ತ ಅರ್ಧ ಚಹಾ ಬಿಟ್ಟು ಹೋದ. ಹಣ್ಣಿನ ಪೊಟ್ಟಣ ಬಿಡಲಿಲ್ಲ. ಗೇಟನ್ನು ಹಾಕಿಕೊಂಡು ಹೋಗಲೂ ಇಲ್ಲ. ಮಗ ಹೋಗಿ ಹಾಕಿ ಬಂದ.

ಮಗಳು ಮುಖ ತೊಳೆಯಲು ಹಿತ್ತಲಿಗೆ ಹೋದಳು. ಬಹಳ ಹೊತ್ತು ನಲ್ಲಿ ಸುರಿಯುವ ಸದ್ದು ಕೇಳಿಸಿತು. ಯಾರೂ ಕರೆಯಲಿಲ್ಲ. ತಾಯಿ ಬ್ರೆಡ್ಡು ಕಾಯಿಸಿ, ಮೊಟ್ಟೆ ಒಡೆದು ಹಾಕಿ, ನಾಲ್ಕು ತಟ್ಟೆಗೆ ಬಡಿಸಿದರು. ತಟ್ಟೆಗಳಿಗೆ ಜಾಗ ಮಾಡಲು ಡ್ರೈವರು ಇಂಜಿನ್ನನ್ನು ಮೇಜಿನ ನಡುವಿಗೆ ಸರಿಸಿದರು.

ಮಗಳು ಬಂದು ಕೂತಳು. ಎರಡು ತುತ್ತು ತಿಂದ ಮೇಲೆ ಡ್ರೈವರು ಕೇಳಿದರು:

"ಆ ಕೋಣೆ ಕೀಲಿಕೈ ವಾಪಸ್ಸು ಕೊಡಬಹುದಾ?"

"ನೋಡ್ತೀನಿ," ಎಂದಳು. ಆಮೇಲೆ, "ಕೊಡ್ತೀನಿ. ಆದ್ರೆ ಗ್ಯಾರೇಜು ಬಿಡಲ್ಲ."

"ಬಿಡು ಅಂತ ಯಾರಂದ್ರು? ಒಂದಿನ ಬಂದು ನೋಡಬೇಕು ನಾನು, ಅಲ್ಲಿ ಏನು ಮಾಡ್ತೀಯ ಅಂತ." ಡ್ರೈವರು ಇಂಜಿನ್ನನ್ನು ಒಂದು ಬೆರಳಿನಿಂದ ತಿರುಗಿಸಿದರು. "ನಿಮ್ಮಮ್ಮ ಹೇಳಿದ್ದು ಸರಿ. ಇದು ನಾನು ಓಡಿಸಿದ್ದಲ್ಲ. ಇದಕ್ಕೆ ಮಸಿ ಹಿಡಿಸೋಕೆ ಬರುತ್ತಾ ನಿನಗೆ?"

ಮಗಳು ನಕ್ಕಳು. "ಹೊಳಪು ತೆಗೆಯೋದು ಹೊಳಪು ಕೊಡೋದಕ್ಕಿಂತ ಕಷ್ಟ ಅಪ್ಪ. ಆದ್ರೆ ಬರುತ್ತೆ."

ಮಧ್ಯಾಹ್ನ ಮೇಜು ಒರೆಸಿ ಪೇಪರು ಹಾಸಿದರು. ಮಗಳು ಸಣ್ಣ ಮರಳುಕಾಗದದಿಂದ ವಾರ್ನಿಶ್ಶಿನ ಹೊಳಪು ಮುರಿದಳು. ಇದ್ದಿಲು ಅರೆದು ಪುಡಿ ಮಾಡಿದಳು. ಇಟ್ಟಿಗೆಯ ಚೂರು ತುಕ್ಕಿನ ಬಣ್ಣಕ್ಕೆ, ಬಿಳೀ ಸೀಮೆಸುಣ್ಣ ನೀರು ಸೋರಿದ ಕಲೆಗೆ. ಮೂರು ಮುಚ್ಚಳಗಳಲ್ಲಿ ಮೂರು ಪುಡಿ. ಒಣ ಬ್ರಷ್ಷಿನ ತುದಿಗೆ ಇದ್ದಿಲು ತೆಗೆದುಕೊಂಡು ಬಲಗಡೆಯಿಂದ ಶುರುಮಾಡಿದಳು.

"ಅಲ್ಲಿ ಅಲ್ಲ," ಎಂದರು ತಾಯಿ ಬಾಗಿಲಲ್ಲಿ ನಿಂತು.

"ಎಲ್ಲಿ?"

"ಎಡಗಡೆ. ಕಿಟಕಿ ಕೆಳಗೆ. ಅಯ್ಯೋ, ಅಷ್ಟು ಮೇಲಲ್ಲ. ತಾ ಇಲ್ಲಿ."

ತಾಯಿ ಕೂತರು. ಬ್ರಷ್ಷು ಅವರಿಗೆ ಒಗ್ಗಲಿಲ್ಲ. ಬೆರಳಿನಿಂದಲೇ ಇದ್ದಿಲು ತೆಗೆದು ಹಸಿರಿನ ಮೇಲೆ ಒತ್ತಿದರು. ಕಿಟಕಿಯ ಅಂಚು ಮೊದಲು. ಆಮೇಲೆ ಹೊಗೆಕೊಳವೆಯ ಬಾಯಿಂದ ಹಿಂದಕ್ಕೆ ಜಾರಿದ ಕಪ್ಪು. ಬಾಯ್ಲರಿನ ಬೆನ್ನ ಮೇಲೆ ಸೀಮೆಸುಣ್ಣದ ಎರಡು ಗೆರೆ. ಹುಬ್ಬು ಗಂಟಿಕ್ಕಿ, ಏನನ್ನೂ ಯಾರನ್ನೂ ಕೇಳದೆ, ಒಂದು ಕಡೆ ಹಚ್ಚುವರು, ಇನ್ನೊಂದು ಕಡೆ ಒರೆಸುವರು. ಹಳದಿ ಗೆರೆ ಮಸುಕಾಯಿತು. ಮೊಳೆಗಳ ಸುತ್ತ ಮಸಿ ಕೂತು ಒಂದೊಂದು ಮೊಳೆಯೂ ಎದ್ದು ಕಂಡಿತು. ಡ್ರೈವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಹತ್ತಿರದಿಂದ ಅವರಿಗೆ ಹಾಗೆಯೇ ಚೆನ್ನಾಗಿ ಕಾಣುತ್ತಿತ್ತು.

"ಇಷ್ಟು ಸಾಕಾ ಅಪ್ಪ?" ಎಂದಳು ಮಗಳು.

"ನನ್ನನ್ನ ಯಾಕೆ ಕೇಳ್ತೀಯ? ಅವಳನ್ನ ಕೇಳು."

"ಸಾಕು," ಎಂದರು ತಾಯಿ. ಎರಡೂ ಕೈ ಮುಂದೆ ಚಾಚಿ ನೋಡಿಕೊಂಡರು. ಮಣಿಕಟ್ಟಿನವರೆಗೆ ಕಪ್ಪಾಗಿದ್ದವು. "ನೋಡಿ, ಮತ್ತೆ ಅದೇ ಗತಿ."

ಡ್ರೈವರು ಎದ್ದು ಹೋಗಿ ಒಂದು ಬೋಗುಣಿ, ಒಂದು ತಂಬಿಗೆ ನೀರು, ಒಂದು ಸೋಪು ತಂದರು.

"ಅದು ಪಾತ್ರೆ ತೊಳೆಯೋ ಸೋಪು ಕಣ್ರೀ."

"ಯಾವುದೋ ಒಂದು. ಕೈ ಹಿಡಿ."

ತಾಯಿ ಬೋಗುಣಿಯ ಮೇಲೆ ಕೈ ಹಿಡಿದರು. ಡ್ರೈವರು ತಂಬಿಗೆ ಬಗ್ಗಿಸಿ, ಸಣ್ಣ ಧಾರೆಯಾಗಿ, ನಿಧಾನವಾಗಿ ನೀರು ಬಿಟ್ಟರು.